ಕಾಣದ ಅಪೆಂಡಿಕ್ಸ್, ಎರಡನೇ ನೋಟ

ಭಿವಂಡಿಯ ಧಾಮಣ್‌ಕರ್ ನಾಕಾದಿಂದ ಅಂಜೂರ್‌ಫಾಟಾ ದಾಟಿ ಠಾಣೆಯತ್ತ ಹೊರಟ ರಿಕ್ಷಾದಲ್ಲಿ ಹೊಟ್ಟೆನೋವಿನ ಮಗು ಇದ್ದರೆ, ಸೋನೋಗ್ರಫಿಗೆ ಮೊದಲೇ ಒಂದು ಪರೀಕ್ಷೆ ರಸ್ತೆಯಲ್ಲೇ ಆಗಿಹೋಗಿರುತ್ತದೆ. ಚಕ್ರ ಗುಂಡಿಗೆ ಇಳಿದಾಗಲೆಲ್ಲ ಮಗು ಮೊಣಕಾಲನ್ನು ಹೊಟ್ಟೆಗೆ ಎಳೆದುಕೊಂಡು ಅಳುತ್ತದೆಯೇ? ನೇರ ರಸ್ತೆಯಲ್ಲಿ ಸುಮ್ಮನಿದ್ದು ರಸ್ತೆಯುಬ್ಬು ಬಂದ ಕೂಡಲೇ ಅಮ್ಮನ ಕೈ ಬಿಗಿಯಾಗಿ ಹಿಡಿಯುತ್ತದೆಯೇ? ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ವೈದ್ಯರು ಇದನ್ನೇ ಗಂಭೀರವಾಗಿ ಅಧ್ಯಯನ ಮಾಡಿ 2012ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ರಸ್ತೆಯುಬ್ಬು ದಾಟಿಕೊಂಡು ಆಸ್ಪತ್ರೆಗೆ ಬಂದವರಲ್ಲಿ 34 ಮಂದಿಗೆ ಅಪೆಂಡಿಸೈಟಿಸ್ ಖಚಿತವಾಗಿತ್ತು. ಅವರಲ್ಲಿ 33 ಮಂದಿ, ಉಬ್ಬಿನ ಮೇಲೆ ವಾಹನ ಕುಲುಕಿದಾಗ ನೋವು ಹೆಚ್ಚಾಯಿತು ಎಂದಿದ್ದರು. ಅವರು ಹದಿನೇಳು ದಾಟಿದವರು, ಮಕ್ಕಳಲ್ಲ. ಆದರೆ ಕಾರಣ ಎಲ್ಲ ವಯಸ್ಸಿಗೂ ಒಂದೇ. ಊದಿಕೊಂಡ ಅಪೆಂಡಿಕ್ಸ್ ಹೊಟ್ಟೆಯ ಒಳಪೊರೆಗೆ ತಾಗಿಕೊಂಡಿರುತ್ತದೆ. ಮೈ ಕುಲುಕಿದರೆ ಆ ಪೊರೆ ಚುಚ್ಚುತ್ತದೆ. ಮಕ್ಕಳ ವೈದ್ಯರು ‘ಒಂದು ಸಲ ಕುಪ್ಪಳಿಸು ನೋಡೋಣ’ ಎಂದು ಕೇಳುವುದೂ ಇದಕ್ಕಾಗಿಯೇ. ಕುಲುಕಿದಾಗ ನೋಯದಿದ್ದರೆ ಅಪೆಂಡಿಸೈಟಿಸ್ ಇರುವ ಸಂಭವ ಕಡಿಮೆ. ನೋಯಿತು ಎಂದ ಮಾತ್ರಕ್ಕೆ ಅದೇ ಎಂದು ಹೇಳಲಾಗದು, ಬೇರೆ ಹತ್ತಾರು ಹೊಟ್ಟೆನೋವುಗಳೂ ಕುಲುಕಾಟಕ್ಕೆ ಹೆಚ್ಚುತ್ತವೆ. ಅಲ್ಲಿಂದ ಮುಂದಕ್ಕೆ ಸೋನೋಗ್ರಫಿಯ ಕೆಲಸ.

ಭಿವಂಡಿ ಮಗ್ಗದ ಊರು. 2011ರ ಜನಗಣತಿಯಲ್ಲೇ ಏಳು ಲಕ್ಷ ದಾಟಿದ ಈ ಊರಲ್ಲಿ ಪವರ್‌ಲೂಮ್‌ಗಳ ಸದ್ದು ಹಗಲು ರಾತ್ರಿ ನಿಲ್ಲುವುದಿಲ್ಲ. ಸುತ್ತ ಮಾಣಕೋಲಿ, ರಾಹನಾಳ, ದಾಪೋಡೆಯ ಕಡೆ ಸಾಲುಸಾಲು ಗೋದಾಮುಗಳು. ರೈಲು ನಿಲ್ದಾಣ ಇರುವುದು ವಸಯಿ–ದಿವಾ ಮಾರ್ಗದಲ್ಲಿ, ಹಾಗಾಗಿ ಮುಂಬಯಿಗೆ ನೇರ ಲೋಕಲ್ ಇಲ್ಲ. ಮಗುವಿಗೆ ಹುಷಾರಿಲ್ಲದಾಗ ರಿಕ್ಷಾ, ಬಸ್ಸು ಅಥವಾ 108 ಆಂಬುಲೆನ್ಸ್. ಊರಲ್ಲೇ ಇಂದಿರಾ ಗಾಂಧಿ ಸ್ಮಾರಕ ಉಪಜಿಲ್ಲಾ ಆಸ್ಪತ್ರೆ ಇದೆ, ಖಾಸಗಿ ನರ್ಸಿಂಗ್ ಹೋಮ್‌ಗಳು ಬೇಕಾದಷ್ಟಿವೆ. ದೊಡ್ಡ ಆಪರೇಶನ್ ಎಂದಾದರೆ ಕಳ್ವಾದ ಛತ್ರಪತಿ ಶಿವಾಜಿ ಮಹಾರಾಜ್ ಆಸ್ಪತ್ರೆ. ಮಕ್ಕಳ ಸರ್ಜನ್ನೇ ಬೇಕೆಂದರೆ ಅನೇಕರು ಪರೇಲಿನ ವಾಡಿಯಾ ಮಕ್ಕಳ ಆಸ್ಪತ್ರೆಯವರೆಗೂ ಹೋಗುತ್ತಾರೆ. 1929ರಿಂದ ಮಕ್ಕಳಿಗೆಂದೇ ನಡೆಯುತ್ತಿರುವ ಆಸ್ಪತ್ರೆ ಅದು. ನಮ್ಮ ಕನ್ನಡನಾಡಿನವರೂ ಇಲ್ಲಿ ಕಡಿಮೆಯೇನಿಲ್ಲ. ಹೋಟೆಲು ನಡೆಸುವ ಕರಾವಳಿಯವರು ತಲೆಮಾರುಗಳಿಂದ ಇದ್ದಾರೆ. ಮುಂಬಯಿ ಬಂಟರ ಸಂಘಕ್ಕೆ ಭಿವಂಡಿ–ಬದ್ಲಾಪುರದ್ದೇ ಪ್ರಾದೇಶಿಕ ಸಮಿತಿ ಇದೆ. ಡೊಂಬಿವಲಿ, ಕಲ್ಯಾಣದಲ್ಲಿ ಕನ್ನಡ ಸಂಘಗಳು. ನವಿಮುಂಬಯಿಯ ಕಟ್ಟಡ ಕೆಲಸಗಳಿಗೆ ಕಲಬುರಗಿ, ವಿಜಯಪುರದ ಕಡೆಯಿಂದ ಬಂದ ಕುಟುಂಬಗಳು. ಈ ಎಲ್ಲ ಮನೆಗಳ ಮಕ್ಕಳ ಹೊಟ್ಟೆನೋವಿನ ಕಥೆ ಒಂದೇ ಘಟ್ಟದಲ್ಲಿ ಸಿಕ್ಕಿಕೊಳ್ಳುತ್ತದೆ. ಸೋನೋಗ್ರಫಿ ಮಾಡಿಸಿ ಆಯಿತು, ರಿಪೋರ್ಟ್ ಕೈಯಲ್ಲಿದೆ, ಮುಂದೇನು?

ರೋಗದ ಬಗ್ಗೆ ಮೊದಲು ಎರಡು ಮಾತು. ಸಣ್ಣಕರುಳು ದೊಡ್ಡಕರುಳಿಗೆ ಸೇರುವ ಜಾಗದ ಹತ್ತಿರ, ಹೊಟ್ಟೆಯ ಬಲ ಕೆಳಮೂಲೆಯಲ್ಲಿ, ಕಿರುಬೆರಳಿನ ಹಾಗೆ ಒಂದು ತುದಿ ಮುಚ್ಚಿದ ನಳಿಗೆ ಇದೆ, ಅದೇ ಅಪೆಂಡಿಕ್ಸ್. ಅದರ ಬಾಯಿ ಗಟ್ಟಿಮಲದಿಂದಲೋ ಒಳಗೋಡೆಯ ದುಗ್ಧರಸ ಅಂಗಾಂಶ ಊದಿಕೊಂಡೋ ಕಟ್ಟಿಕೊಂಡರೆ ಒಳಗೆ ಒತ್ತಡ ಏರುತ್ತದೆ, ರಕ್ತಸಂಚಾರ ಕುಂದುತ್ತದೆ, ಸೋಂಕು ಹತ್ತುತ್ತದೆ. ಎಲ್ಲರಿಗಿಂತ ಹೆಚ್ಚಾಗಿ ಇದು ಹತ್ತರಿಂದ ಹತ್ತೊಂಬತ್ತರ ವಯಸ್ಸಿನವರಿಗೆ ಬರುತ್ತದೆ. ಪಾಠಪುಸ್ತಕದ ಲಕ್ಷಣ ಸರಳ. ನೋವು ಹೊಕ್ಕುಳ ಸುತ್ತ ಶುರುವಾಗುತ್ತದೆ, ಹಸಿವು ಹೋಗುತ್ತದೆ, ವಾಂತಿಯಾಗುತ್ತದೆ, ಕೆಲವು ಗಂಟೆಗಳಲ್ಲಿ ನೋವು ಬಲಗಡೆ ಕೆಳಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ, ಮೈ ಸ್ವಲ್ಪ ಬೆಚ್ಚಗಾಗುತ್ತದೆ. ಹನ್ನೆರಡು ವರ್ಷದ ಹುಡುಗ ಇದನ್ನೆಲ್ಲ ಹೇಳಬಲ್ಲ. ಮೂರು ವರ್ಷದ ಮಗು ‘ಹೊಟ್ಟೆ’ ಎಂದು ಅಳುತ್ತದೆ, ಅಷ್ಟೆ. ಊದಿದ ಅಪೆಂಡಿಕ್ಸ್ ಪಕ್ಕದ ಕರುಳನ್ನು ಕೆರಳಿಸಿ ಭೇದಿಯೂ ಆದರೆ, ಮಳೆಗಾಲದ ಭಿವಂಡಿಯಲ್ಲಿ ಅದು ‘ನೀರಿನ ದೋಷ’ ಎಂದೇ ಆಗುತ್ತದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಈ ರೋಗ ಅಪರೂಪ. ಆದರೆ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ, ರೋಗ ಗೊತ್ತಾಗುವ ಹೊತ್ತಿಗೆ ಅಪೆಂಡಿಕ್ಸ್ ಒಡೆದಿರುತ್ತದೆ. ದೊಡ್ಡವರಲ್ಲಿ ಕರುಳಿನ ಮೇಲೆ ಹೊದಿಕೆಯಂತಿರುವ ಕೊಬ್ಬಿನ ಪೊರೆ ಬಂದು ಕೀವನ್ನು ಸುತ್ತುವರಿದು ತಡೆಯುತ್ತದೆ. ಚಿಕ್ಕ ಮಕ್ಕಳಲ್ಲಿ ಆ ಪೊರೆ ಇನ್ನೂ ಬೆಳೆದಿರುವುದಿಲ್ಲ, ಕೀವು ಹೊಟ್ಟೆಯಿಡೀ ಹರಡಿಬಿಡುತ್ತದೆ.

ಇನ್ನು ಸೋನೋಗ್ರಫಿ ಕೋಣೆಗೆ ಬನ್ನಿ. ಗೋಡೆಯ ಮೇಲೆ, ಗರ್ಭದಲ್ಲಿರುವ ಮಗುವಿನ ಲಿಂಗ ಪತ್ತೆ ಇಲ್ಲಿ ಮಾಡುವುದಿಲ್ಲ ಎಂಬ ಮರಾಠಿ ಫಲಕ. ಎಸಿಯ ತಂಪು, ಅರೆಗತ್ತಲು, ಕಾಗದ ಹಾಸಿದ ಮಂಚ. ಮಗು ಇಲ್ಲಿಗೆ ಬಂದದ್ದೇ ಹೆದರಿಕೊಂಡು. ಮಕ್ಕಳನ್ನು ನೋಡಿ ರೂಢಿಯಿರುವ ವೈದ್ಯರು ಮೊದಲು ಯಂತ್ರ ಮುಟ್ಟುವುದಿಲ್ಲ. ‘ಒಂದೇ ಬೆರಳಲ್ಲಿ ತೋರಿಸು, ಎಲ್ಲಿ ನೋಯ್ತಿದೆ?’ ಎನ್ನುತ್ತಾರೆ. ಇಡೀ ಅಂಗೈ ಹೊಕ್ಕುಳ ಮೇಲೆ ಇಟ್ಟರೆ ಒಂದು ಅರ್ಥ, ಒಂದು ಬೆರಳು ಬಲ ಕಿಬ್ಬೊಟ್ಟೆಯಲ್ಲಿ ಒಂದೇ ಜಾಗಕ್ಕೆ ಹೋಗಿ ನಿಂತರೆ ಇನ್ನೊಂದು ಅರ್ಥ. ಜೆಲ್ ಹಚ್ಚುವಾಗ ಅದು ತಣ್ಣಗಿದ್ದರೆ ಮಗು ಹೊಟ್ಟೆ ಬಿಗಿಹಿಡಿಯುತ್ತದೆ. ಬಿಗಿದ ಹೊಟ್ಟೆಯಲ್ಲಿ ಏನೂ ಕಾಣುವುದಿಲ್ಲ. ಆದ್ದರಿಂದ ಜೆಲ್ ಬೆಚ್ಚಗಿರಬೇಕು, ಅಮ್ಮ ತಲೆಯ ಹತ್ತಿರ ನಿಂತಿರಬೇಕು, ಮೊಬೈಲಿನಲ್ಲಿ ಕಾರ್ಟೂನು ಓಡುತ್ತಿದ್ದರೂ ಅಡ್ಡಿಯಿಲ್ಲ.

ಆಮೇಲಿನದು ಕೈಯ ಕೆಲಸ. ಗರ್ಭಿಣಿಯರ ಹೊಟ್ಟೆಗೆ ಹಿಡಿಯುವ ಬಾಗಿದ ಪ್ರೋಬ್ ಬದಲು ಇಲ್ಲಿ ನೇರ ಅಂಚಿನ, ಹೆಚ್ಚು ಕಂಪನಾಂಕದ ಪ್ರೋಬ್ ಬೇಕು. ಅದು ಆಳಕ್ಕೆ ಹೋಗುವುದಿಲ್ಲ, ಆದರೆ ಮೇಲಿನ ಕೆಲವು ಸೆಂಟಿಮೀಟರನ್ನು ಬಹಳ ಸೂಕ್ಷ್ಮವಾಗಿ ತೋರಿಸುತ್ತದೆ. ಮೃದು ಅಂಗಾಂಶದಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1540 ಮೀಟರ್ ಸಾಗುತ್ತದೆ. 10 ಮೆಗಾಹರ್ಟ್ಸ್‌ನಲ್ಲಿ ಅದರ ತರಂಗದುದ್ದ ಸುಮಾರು 0.15 ಮಿಲಿಮೀಟರ್. ಮಕ್ಕಳ ಹೊಟ್ಟೆಯಲ್ಲಿ ಕೊಬ್ಬು ಕಡಿಮೆ, ಆಳ ಕಡಿಮೆ. ದಪ್ಪ ಮೈಯ ದೊಡ್ಡವರಲ್ಲಿ ಮಸುಕಾಗುವ ಚಿತ್ರ ಇಲ್ಲಿ ಸ್ಪಷ್ಟವಾಗುವುದು ಇದರಿಂದಲೇ. ಅಡ್ಡಿಯೆಂದರೆ ಕರುಳಿನ ಗ್ಯಾಸು. ಗಾಳಿಯ ಆಚೆಗೆ ಅಲ್ಟ್ರಾಸೌಂಡ್ ನೋಡಲಾರದು. ಆದ್ದರಿಂದ ವೈದ್ಯರು ಪ್ರೋಬನ್ನು ಹೊಟ್ಟೆಯ ಮೇಲಿಟ್ಟು, ಮಗು ಉಸಿರು ಬಿಟ್ಟಾಗಲೆಲ್ಲ ಒಂದಿಷ್ಟು ಹೆಚ್ಚು ಒತ್ತುತ್ತ, ಗ್ಯಾಸನ್ನೂ ಸಣ್ಣಕರುಳಿನ ಸುರುಳಿಗಳನ್ನೂ ಪಕ್ಕಕ್ಕೆ ಸರಿಸುತ್ತಾರೆ. ಒಮ್ಮೆಲೇ ಒತ್ತಿದರೆ ಮಗು ಚೀರುತ್ತದೆ; ಒಮ್ಮೆಲೇ ಎತ್ತಿದರೂ ಚೀರುತ್ತದೆ. ಹಿಂದೆ ಸೊಂಟದ ದೊಡ್ಡ ಸ್ನಾಯು, ಅದರ ಪಕ್ಕ ಮಿಡಿಯುವ ಇಲಿಯಾಕ್ ರಕ್ತನಾಳ, ಇವು ಪರದೆಯ ಮೇಲೆ ಕಂಡವೆಂದರೆ ಒತ್ತಡ ಸಾಕಾಯಿತು. ಅಪೆಂಡಿಕ್ಸ್ ಇರಬೇಕಾದದ್ದು ಇವುಗಳ ಮುಂದೆ.

ಸಿಕ್ಕಿತು ಎನ್ನೋಣ. ಏನು ನೋಡುತ್ತಾರೆ? ಒಂದು ತುದಿ ಮುಚ್ಚಿರುವ ನಳಿಗೆ, ಉಳಿದ ಕರುಳಿನ ಹಾಗೆ ಹೊರಳಾಡದೆ ನಿಶ್ಚಲವಾಗಿರುವುದು. ಒತ್ತಿದರೆ ಚಪ್ಪಟೆಯಾಗಬೇಕು, ಆಗದಿದ್ದರೆ ಒಳಗೆ ಒತ್ತಡವಿದೆ. ಹೊರ ಅಳತೆ 6 ಮಿಲಿಮೀಟರ್ ದಾಟಿದ್ದರೆ ಅನುಮಾನ. ಅಡ್ಡವಾಗಿ ನೋಡಿದಾಗ ಒಂದರೊಳಗೊಂದು ಉಂಗುರಗಳು. ಒಳಗೆ ಕಲ್ಲಿನಂತೆ ಗಟ್ಟಿಯಾದ ಮಲದ ಉಂಡೆ ಇದ್ದರೆ ಅದರ ಹಿಂದೆ ಕಪ್ಪು ನೆರಳು ಬೀಳುತ್ತದೆ. ಸುತ್ತಲಿನ ಕೊಬ್ಬು ಬೆಳ್ಳಗೆ ದಪ್ಪವಾಗಿದ್ದರೆ ಉರಿಯೂತ ಹೊರಗೂ ಹಬ್ಬಿದೆ. ಬಣ್ಣದ ಡಾಪ್ಲರ್‌ನಲ್ಲಿ ಗೋಡೆಯಲ್ಲಿ ರಕ್ತದ ಓಡಾಟ ಹೆಚ್ಚಾಗಿ ಕಾಣುತ್ತದೆ. 6 ಮಿಲಿಮೀಟರ್ ಎಂಬುದನ್ನು ಕಲ್ಲಿನ ಗೆರೆ ಎಂದುಕೊಳ್ಳಬಾರದು. ಮಲ ಅಥವಾ ಗಾಳಿ ತುಂಬಿದ ಆರೋಗ್ಯವಂತ ಅಪೆಂಡಿಕ್ಸೂ ಅಷ್ಟು ದಪ್ಪ ಇರಬಹುದು. ಆರು–ಎಂಟರ ನಡುವಿನ ಅಳತೆ ಬಂದಾಗ ಉಳಿದ ಲಕ್ಷಣಗಳು ಸಾಕ್ಷಿ ಹೇಳಬೇಕು. ಅಳತೆಯೊಂದನ್ನೇ ನಂಬಿ ಚಾಕು ಎತ್ತಿದರೆ ಆರೋಗ್ಯವಾಗಿದ್ದ ಅಪೆಂಡಿಕ್ಸ್ ಟ್ರೇಗೆ ಬೀಳುತ್ತದೆ.

ಹಂತಹಂತವಾಗಿ ಒತ್ತಿ ನೋಡುವ ಈ ವಿಧಾನ ಬಂದದ್ದು ನೆದರ್ಲೆಂಡ್ಸ್‌ನ ಹೇಗ್ ನಗರದಿಂದ. ಜೂಲಿಯನ್ ಪೈಲಾರ್ಟ್ ಎಂಬ ರೇಡಿಯಾಲಜಿಸ್ಟ್ 1986ರಲ್ಲಿ 60 ರೋಗಿಗಳ ಅನುಭವ ಬರೆದರು. ಅಪೆಂಡಿಸೈಟಿಸ್ ಇದ್ದ 28 ಮಂದಿಯಲ್ಲಿ 25 ಮಂದಿಯ ಊದಿದ ಅಪೆಂಡಿಕ್ಸ್ ಅವರ ಪರದೆಯಲ್ಲಿ ಕಂಡಿತ್ತು. ಆಗಿನ ಯಂತ್ರಗಳಲ್ಲಿ ಆರೋಗ್ಯವಾದ ಅಪೆಂಡಿಕ್ಸ್ ಸಾಮಾನ್ಯವಾಗಿ ಕಾಣುತ್ತಿರಲಿಲ್ಲ. ಕಂಡರೆ ರೋಗ ಎಂಬುದೇ ಲೆಕ್ಕ. ಅಲ್ಟ್ರಾಸೌಂಡ್ ಹೊಟ್ಟೆಯೊಳಗೆ ಇಣುಕಿದ್ದು ಅದಕ್ಕೂ ಮೂರು ದಶಕ ಮೊದಲು. ಗ್ಲಾಸ್ಗೋದ ಪ್ರಸೂತಿ ತಜ್ಞ ಇಯಾನ್ ಡೊನಾಲ್ಡ್ 1955ರಲ್ಲಿ, ತಾವು ಆಪರೇಶನ್ ಮಾಡಿ ತೆಗೆದ ಗಡ್ಡೆಗಳನ್ನು ರೆನ್‌ಫ್ರೂದ ಬಾಯ್ಲರ್ ಕಾರ್ಖಾನೆಗೆ ಹೊತ್ತುಕೊಂಡು ಹೋಗಿ, ಲೋಹದ ಬೆಸುಗೆಯಲ್ಲಿನ ಬಿರುಕು ಹುಡುಕುವ ಯಂತ್ರದ ಮುಂದಿಟ್ಟು ಪ್ರತಿಧ್ವನಿ ನೋಡಿದರು. ಎಂಜಿನಿಯರ್ ಟಾಮ್ ಬ್ರೌನ್ ಜೊತೆ ಸೇರಿ, 1958ರಲ್ಲಿ ಲ್ಯಾನ್ಸೆಟ್‌ನಲ್ಲಿ ಅವರು ಪ್ರಕಟಿಸಿದ ಲೇಖನದಿಂದ ಈ ವಿದ್ಯೆ ವೈದ್ಯಕೀಯದೊಳಗೆ ನಿಂತಿತು. ಕಾರ್ಖಾನೆಯ ಯಂತ್ರವೊಂದು ಇಂದು ಮಗ್ಗದ ಊರಿನ ಮಗುವಿನ ಹೊಟ್ಟೆ ನೋಡುತ್ತಿದೆ ಎಂದರೆ ನನಗೆ ತುಂಬ ಹೆಮ್ಮೆಯೆನಿಸುತ್ತದೆ.

ಪೈಲಾರ್ಟ್ ಅವರ ವಿಧಾನ ಬರುವ ಮೊದಲು ನೂರು ವರ್ಷ ವೈದ್ಯರಿಗೆ ಕೈಯೇ ಗತಿ. ಬಾಸ್ಟನ್‌ನ ರೆಜಿನಾಲ್ಡ್ ಫಿಟ್ಜ್ 1886ರಲ್ಲಿ ಈ ರೋಗವನ್ನು ಬಿಡಿಸಿ ಹೇಳಿ ಹೆಸರಿಟ್ಟರು. ಮೂರು ವರ್ಷಕ್ಕೆ ನ್ಯೂಯಾರ್ಕಿನ ಚಾರ್ಲ್ಸ್ ಮೆಕ್‌ಬರ್ನಿ, ನೋವು ಹೆಚ್ಚಾಗಿ ನಿಲ್ಲುವ ಬಿಂದುವನ್ನು ಗುರುತಿಸಿದರು. ದಾಖಲೆಯಲ್ಲಿರುವ ಮೊದಲ ಅಪೆಂಡಿಕ್ಸ್ ಆಪರೇಶನ್ ಇನ್ನೂ ಹಳೆಯದು, 1735ರ ಲಂಡನ್ನಿನದು. ರೋಗಿ ಹನ್ನೊಂದು ವರ್ಷದ ಬಾಲಕ. ನುಂಗಿದ ಪಿನ್ನು ಅವನ ಅಪೆಂಡಿಕ್ಸನ್ನು ಚುಚ್ಚಿತ್ತು, ಆ ಅಪೆಂಡಿಕ್ಸ್ ಹರ್ನಿಯಾದೊಳಗೆ ಸಿಕ್ಕಿತ್ತು. ಅರಿವಳಿಕೆ ಇಲ್ಲದ ಕಾಲದಲ್ಲಿ ಸರ್ಜನ್ ಕ್ಲಾಡಿಯಸ್ ಅಮ್ಯಾಂಡ್ ಅದನ್ನು ತೆಗೆದರು, ಹುಡುಗ ಬದುಕಿದ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಎಷ್ಟೋ ಮಕ್ಕಳ ರಿಪೋರ್ಟಿನಲ್ಲಿ ‘ಅಪೆಂಡಿಕ್ಸ್ ನಾಟ್ ವಿಶುವಲೈಸ್ಡ್’ ಎಂಬ ಸಾಲು ಇರುತ್ತದೆ. ಕಾಣಲಿಲ್ಲ ಎಂದು. ತಂದೆ ಆ ಕಾಗದ ಹಿಡಿದು ಹೊರಗೆ ಬಂದು ಮನೆಗೆ ಫೋನ್ ಮಾಡುತ್ತಾರೆ: ‘ಸೋನೋಗ್ರಫಿ ನಾರ್ಮಲ್ ಅಂತೆ, ಏನೂ ಇಲ್ಲ’. ಈ ಎರಡು ಮಾತುಗಳ ನಡುವಿನ ಅಂತರದಲ್ಲೇ ಮಕ್ಕಳ ಅಪೆಂಡಿಕ್ಸ್ ಒಡೆಯುವುದು. ಅಪೆಂಡಿಕ್ಸ್ ದೊಡ್ಡಕರುಳಿನ ಹಿಂದೆ ಅವಿತಿರಬಹುದು, ಸೊಂಟದ ಗುಳಿಗೆ ಇಳಿದಿರಬಹುದು, ಗ್ಯಾಸಿನ ಕೆಳಗೆ ಮುಚ್ಚಿಹೋಗಿರಬಹುದು, ಮಗು ಒತ್ತಲು ಬಿಡದೆ ಹೊರಳಾಡಿರಬಹುದು. ಅಪೆಂಡಿಕ್ಸ್ ಕಾಣದಿದ್ದರೂ ಸುತ್ತ ಕೊಬ್ಬು ಸರಿಯಿದೆ, ನೀರು ನಿಂತಿಲ್ಲ, ಪ್ರೋಬ್ ಒತ್ತಿದಾಗ ಆ ಜಾಗ ನೋಯುವುದಿಲ್ಲ, ರಕ್ತಪರೀಕ್ಷೆಯಲ್ಲಿ ಬಿಳಿಕಣ ಏರಿಲ್ಲ ಎಂದಾದರೆ ಅನುಮಾನ ಬಹಳ ಕಡಿಮೆಯಾಗುತ್ತದೆ. ಪೂರ್ತಿ ಅಳಿಯುವುದಿಲ್ಲ. ನೋವು ಶುರುವಾಗಿ ನಾಲ್ಕು ಗಂಟೆಯೂ ಆಗಿರದಿದ್ದರೆ ಅಪೆಂಡಿಕ್ಸ್ ಇನ್ನೂ ಊದಿಕೊಂಡೇ ಇರಲಿಕ್ಕಿಲ್ಲ. ಆಗ ತೆಗೆದ ಚಿತ್ರ ಆ ಗಳಿಗೆಗೆ ಮಾತ್ರ ನಿಜ.

ನಾನು ಈ ಲೇಖನದಲ್ಲಿ ಹೇಳಬೇಕೆಂದಿರುವುದು ಇಷ್ಟೆ. ಮಗುವಿನ ಸೋನೋಗ್ರಫಿ ಒಂದು ಸಲ ಮಾಡಿ ಮುಗಿಸುವ ಪರೀಕ್ಷೆ ಆಗಬಾರದು. ಅನುಮಾನ ಉಳಿದರೆ ಮಗುವನ್ನು ಕಣ್ಣಳತೆಯಲ್ಲಿಟ್ಟುಕೊಂಡು, ಕೆಲವು ಗಂಟೆ ಬಿಟ್ಟು ಹೊಟ್ಟೆ ಮುಟ್ಟಿ ನೋಡಿ, ಬೇಕೆನಿಸಿದರೆ ಮತ್ತೆ ಸ್ಕ್ಯಾನ್ ಮಾಡಬೇಕು. ಸಾಧ್ಯವಾದರೆ ಅದೇ ವೈದ್ಯರು, ಅದೇ ಕೈ. ಈ ಎರಡನೇ ನೋಟಕ್ಕೆ ವಿಕಿರಣದ ಬೆಲೆ ತೆರಬೇಕಿಲ್ಲ, ಅದೇ ಅದರ ದೊಡ್ಡ ಗುಣ. ಮೊದಲ ರಿಪೋರ್ಟಿನ ಮೇಲೆ ‘ನಾಳೆ ಬೆಳಿಗ್ಗೆ ಮತ್ತೆ ತೋರಿಸಿ’ ಎಂದು ಬರೆದುಕೊಟ್ಟ ವೈದ್ಯರ ಬಗ್ಗೆ ಎಷ್ಟೋ ತಂದೆತಾಯಿ ‘ದುಡ್ಡಿಗಾಗಿ ಮತ್ತೆ ಕರೀತಾರೆ’ ಎಂದುಕೊಳ್ಳುತ್ತಾರೆ. ಆ ಒಂದು ಸಾಲು ಬರೆದವರು ಮಗುವಿನ ಹಿತ ಬಯಸಿದವರು.

ಹಾಗಾದರೆ ನೇರ ಸಿಟಿ ಸ್ಕ್ಯಾನ್ ಏಕೆ ಬೇಡ? ಟೊರೊಂಟೊದ ಆಂಡ್ರಿಯಾ ಡೊರಿಯಾ ಮತ್ತು ಸಂಗಡಿಗರು 2006ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ, ಮಕ್ಕಳಲ್ಲಿ ಇರುವ ಅಪೆಂಡಿಸೈಟಿಸನ್ನು ಅಲ್ಟ್ರಾಸೌಂಡ್ ನೂರಕ್ಕೆ 88ರಷ್ಟು ಸಲ ಹಿಡಿದಿತ್ತು, ಸಿಟಿ 94ರಷ್ಟು ಸಲ. ರೋಗ ಇಲ್ಲದವರಲ್ಲಿ ಇಲ್ಲ ಎಂದು ಹೇಳುವುದರಲ್ಲಿ ಎರಡೂ ಹೆಚ್ಚುಕಡಿಮೆ ಸಮ, 94 ಮತ್ತು 95. ಸಿಟಿ ಮುಂದಿದೆ, ನಿಜ. ಆದರೆ ಅದು ಎಕ್ಸ್‌ರೇ ವಿಕಿರಣ. 2012ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಬ್ರಿಟಿಷ್ ಅಧ್ಯಯನ, ಬಾಲ್ಯದಲ್ಲಿ ಮತ್ತೆಮತ್ತೆ ಸಿಟಿ ಮಾಡಿಸಿ ಒಟ್ಟು 50 ಮಿಲಿಗ್ರೇಯಷ್ಟು ವಿಕಿರಣ ಪಡೆದ ಮಕ್ಕಳಲ್ಲಿ ರಕ್ತದ ಕ್ಯಾನ್ಸರಿನ ಸಂಭವ ಸುಮಾರು ಮೂರು ಪಟ್ಟಾಗಬಹುದು ಎಂದು ತೋರಿಸಿತು. ಒಂದೊಂದು ಮಗುವಿನ ಮಟ್ಟಿಗೆ ಆ ಅಪಾಯ ತೀರ ಸಣ್ಣದು. ಜೀವಕ್ಕೆ ಕುತ್ತು ಎಂದಾದರೆ ಸಿಟಿ ಮಾಡಿಸಲೇಬೇಕು, ಹೆದರಬಾರದು. ಆದರೆ ಮೊದಲ ಮೆಟ್ಟಿಲು ಅದಲ್ಲ. ಮೊದಲು ಸೋನೋಗ್ರಫಿ, ಅನುಮಾನವಾದರೆ ಮತ್ತೆ ಸೋನೋಗ್ರಫಿ, ಆಮೇಲೂ ಗೊತ್ತಾಗದಿದ್ದರೆ ಕಡಿಮೆ ಡೋಸಿನ ಸಿಟಿ ಅಥವಾ ಸಿಗುವಲ್ಲಿ ಎಂಆರ್‌ಐ.

ಸೋನೋಗ್ರಫಿ ಇನ್ನೊಂದು ಉಪಕಾರ ಮಾಡುತ್ತದೆ. ಅಪೆಂಡಿಕ್ಸ್ ಅಲ್ಲದ್ದನ್ನು ತೋರಿಸುತ್ತದೆ. ನೆಗಡಿ, ಗಂಟಲುನೋವಿನ ಬೆನ್ನಿಗೆ ಕರುಳಿನ ಗ್ರಂಥಿಗಳು ಊದಿ ಬರುವ ನೋವಿಗೆ ಆಪರೇಶನ್ ಬೇಕಿಲ್ಲ, ಕೆಲವು ದಿನದಲ್ಲಿ ತಾನೇ ಇಳಿಯುತ್ತದೆ. ಎರಡು ವರ್ಷದೊಳಗಿನ ಕೂಸಿನ ಕರುಳು ಒಂದರೊಳಗೊಂದು ತೂರಿಕೊಂಡಿದ್ದರೆ ಪರದೆಯಲ್ಲಿ ಅದು ಉಂಗುರದೊಳಗಿನ ಉಂಗುರವಾಗಿ ಕಾಣುತ್ತದೆ, ತಡಮಾಡುವಂತಿಲ್ಲ. ಹತ್ತು ದಾಟಿದ ಹುಡುಗಿಯರಲ್ಲಿ ಅಂಡಾಶಯ ತಿರುಚಿಕೊಂಡಿರಬಹುದು. ಅದನ್ನು ನೋಡಲು ಮೂತ್ರಕೋಶ ತುಂಬಿರಬೇಕು. ಹುಡುಗಿಗೆ ನೀರು ಕುಡಿಸಬೇಕೇ, ಆಪರೇಶನ್ ಸಾಧ್ಯತೆ ಇರುವುದರಿಂದ ಬಾಯಿಗೆ ಏನೂ ಕೊಡದೆ ಡ್ರಿಪ್ ಹಾಕಬೇಕೇ ಎಂಬುದನ್ನು ವೈದ್ಯರೇ ತೀರ್ಮಾನಿಸಬೇಕು. ನಮ್ಮ ದೇಶದಲ್ಲಿ ಇನ್ನೂ ಎರಡು ಹೆಸರು ಸೇರಿಸಬೇಕು, ಟೈಫಾಯಿಡ್ ಮತ್ತು ಕರುಳಿನ ಕ್ಷಯ. ಎರಡೂ ಕೂರುವುದು ಅದೇ ಬಲ ಕೆಳಮೂಲೆಯಲ್ಲಿ, ಸಣ್ಣಕರುಳಿನ ಕೊನೆಯಲ್ಲಿ. ಅಲ್ಲಿ ಗೋಡೆ ದಪ್ಪವಾಗಿದೆ, ಗ್ರಂಥಿಗಳು ದೊಡ್ಡವಾಗಿವೆ ಎಂದು ಕಂಡಾಗ ಒಳ್ಳೆಯ ವೈದ್ಯರು ಜ್ವರ ಎಷ್ಟು ದಿನದ್ದು, ತೂಕ ಇಳಿದಿದೆಯೇ, ಮನೆಯಲ್ಲಿ ಯಾರಿಗಾದರೂ ಟಿಬಿ ಇತ್ತೇ ಎಂದು ಕೇಳುತ್ತಾರೆ. ಮಳೆಗಾಲದಲ್ಲಿ ಡೆಂಗಿಯೂ ಹೊಟ್ಟೆನೋವಿನ ವೇಷದಲ್ಲಿ ಬರುತ್ತದೆ. ಪಿತ್ತಕೋಶದ ಗೋಡೆ ದಪ್ಪವಾಗಿ ಹೊಟ್ಟೆಯಲ್ಲಿ ನೀರು ಕಂಡರೆ ಪ್ಲೇಟ್ಲೆಟ್ ಲೆಕ್ಕ ನೋಡದೆ ಸರ್ಜನ್ ಮುಂದುವರಿಯಬಾರದು.

ರಾತ್ರಿಯಾದರೆ ಈ ನೋಟ ಯಾರು ನೋಡಬೇಕು ಎಂಬ ಪ್ರಶ್ನೆ ಬರುತ್ತದೆ. ಗರ್ಭದ ಲಿಂಗಪತ್ತೆಗೂ ಇದೇ ಯಂತ್ರ ಬಳಕೆಯಾಗುವುದರಿಂದ ಇಲ್ಲಿ ಕಾನೂನೂ ನಡುವೆ ಬರುತ್ತದೆ. ಲಿಂಗಪತ್ತೆ ತಡೆಗೆ ದೇಶದಲ್ಲೇ ಮೊದಲು, 1988ರಲ್ಲಿ, ಕಾನೂನು ಮಾಡಿದ್ದು ಮಹಾರಾಷ್ಟ್ರ. 1994ರಲ್ಲಿ ಕೇಂದ್ರದ ಕಾಯ್ದೆ ಬಂತು, 2003ರಲ್ಲಿ ಇನ್ನೂ ಬಿಗಿಯಾಯಿತು. ಪ್ರತಿಯೊಂದು ಯಂತ್ರ ನೋಂದಣಿಯಾಗಿರಬೇಕು. ಕೈಯಲ್ಲಿ ಹೊತ್ತೊಯ್ಯುವ ಯಂತ್ರವನ್ನು, ನೋಂದಾಯಿತ ಆಸ್ಪತ್ರೆಯೊಳಗೆ ಒಳರೋಗಿಗಳಿಗೆ ಅಥವಾ ಹಲವು ಸೇವೆ ಒಟ್ಟಿಗೆ ಕೊಡುವ ಸಂಚಾರಿ ಘಟಕದಲ್ಲಿ ಬಿಟ್ಟು ಬೇರೆಡೆ ಬಳಸುವಂತಿಲ್ಲ. 2012ರ ತಿದ್ದುಪಡಿ, ಒಬ್ಬ ವೈದ್ಯರು ಒಂದು ಜಿಲ್ಲೆಯಲ್ಲಿ ಎರಡಕ್ಕಿಂತ ಹೆಚ್ಚು ಕೇಂದ್ರಗಳಲ್ಲಿ ಸೋನೋಗ್ರಫಿ ಮಾಡಬಾರದು ಎಂದಿತು. ಈ ಕಾನೂನನ್ನು ದೂರಲು ನನಗೆ ಮನಸ್ಸಿಲ್ಲ. 2001ರಲ್ಲಿ ಮಹಾರಾಷ್ಟ್ರದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 913 ಹೆಣ್ಣುಮಕ್ಕಳಿದ್ದರು, 2011ಕ್ಕೆ ಅದು 894ಕ್ಕೆ ಇಳಿದಿತ್ತು. ಯಂತ್ರಕ್ಕೆ ಬೀಗ ಬೇಕೇ ಇತ್ತು. ಆದರೆ ಅದೇ ಬೀಗದಿಂದಾಗಿ, ರಾತ್ರಿ ಎರಡು ಗಂಟೆಗೆ ಮಗುವಿನ ಹಾಸಿಗೆಯ ಪಕ್ಕದಲ್ಲೇ ನೋಡುವುದು ಕಷ್ಟವಾಗಿದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಮಕ್ಕಳ ಸರ್ಜನ್‌ಗಳಿಗೂ ತುರ್ತುಚಿಕಿತ್ಸೆಯ ವೈದ್ಯರಿಗೂ ತರಬೇತಿ ಕೊಟ್ಟು, ದಾಖಲೆ ಕಟ್ಟುನಿಟ್ಟಾಗಿಟ್ಟು, ಮಕ್ಕಳ ಹೊಟ್ಟೆ ನೋಡಲು ರಾತ್ರಿಪಾಳಿಯಲ್ಲೂ ಅವಕಾಶ ಮಾಡಿಕೊಡಬೇಕು. ಕಾಯ್ದೆಯನ್ನು ಸಡಿಲಿಸದೆಯೇ ಇದನ್ನು ಮಾಡಬಹುದು. ಬೇಕಾದದ್ದು ಜನ, ಸಂಬಳ ಮತ್ತು ತರಬೇತಿ.

ಯಂತ್ರಕ್ಕಿಂತ ಮೊದಲು ಮಾತಿದೆ. 2002ರಲ್ಲಿ ಮದನ್ ಸ್ಯಾಮ್ಯುಯೆಲ್ ಎಂಬ ಸರ್ಜನ್ ಮಕ್ಕಳಿಗೆಂದೇ ಹತ್ತು ಅಂಕಗಳ ಲೆಕ್ಕವೊಂದನ್ನು ಕೊಟ್ಟರು. ಕೆಮ್ಮಿದಾಗ, ಕುಪ್ಪಳಿಸಿದಾಗ ಬಲಗಡೆ ನೋವಿದೆಯೇ, ಒತ್ತಿದರೆ ನೋವಿದೆಯೇ, ನೋವು ಜಾಗ ಬದಲಿಸಿದೆಯೇ, ಹಸಿವು ಹೋಗಿದೆಯೇ, ವಾಂತಿ, ಜ್ವರ, ಬಿಳಿಕಣ ಹೀಗೆ. ಅಂಕ ತೀರ ಕಡಿಮೆಯಿದ್ದರೆ ಸ್ಕ್ಯಾನೇ ಬೇಡ, ತೀರ ಹೆಚ್ಚಿದ್ದರೆ ಸರ್ಜನ್ನನ್ನು ಮೊದಲು ಕರೆಯಬೇಕು. ನಡುವಿನವರಿಗೆ ಸೋನೋಗ್ರಫಿಯ ಪ್ರಯೋಜನ ಅತಿ ಹೆಚ್ಚು. ಈ ಲೆಕ್ಕದ ಅರ್ಧದಷ್ಟು ಪ್ರಶ್ನೆಗಳು ಮಗುವಿನ ಬಾಯಿಂದಲೋ ತಾಯಿಯ ಬಾಯಿಂದಲೋ ಬರಬೇಕಾದವು. ಕಲಬುರಗಿಯ ಮಗು ‘ಯವ್ವಾ, ಹೊಟ್ಟಿ ಕಡಿಲಿಕತ್ತದ’ ಎನ್ನುತ್ತದೆ, ತುಳು ಮನೆಯ ಮಗು ‘ಬಂಜಿಬೇನೆ’ ಎನ್ನುತ್ತದೆ. ಪದ್ಮಾನಗರದ ನೇಕಾರರ ಮನೆಯಲ್ಲಿ ತೆಲುಗು, ಮಗ್ಗದ ಚಾಳಿನಲ್ಲಿ ಭೋಜಪುರಿ. ಕೇಳುವವರ ಭಾಷೆ ಮರಾಠಿ ಅಥವಾ ಹಿಂದಿ. ‘ಪೇಟ್ ಮೇ ದರ್ದ್’ ಎಂಬ ಮೂರು ಪದದಲ್ಲಿ, ನಿನ್ನೆ ಸಂಜೆ ಹೊಕ್ಕುಳಲ್ಲಿದ್ದ ನೋವು ಇವತ್ತು ಬೆಳಿಗ್ಗೆ ಕೆಳಗಿಳಿದ ಕಥೆ ಕಳೆದುಹೋಗುತ್ತದೆ. ರೋಗನಿರ್ಣಯದ ಬಲವಾದ ಎಳೆಯೇ ಅದು. ನಮ್ಮ ಸಂಘಗಳು ಆರೋಗ್ಯ ಶಿಬಿರ ಮಾಡುವುದು ಒಳ್ಳೆಯದು. ಅದರ ಜೊತೆಗೆ ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ, ತಾಯಿಯ ಮಾತನ್ನು ವೈದ್ಯರಿಗೆ ಪೂರ್ತಿ ದಾಟಿಸಬಲ್ಲ ನಾಲ್ಕು ಜನರ ಫೋನ್ ನಂಬರ್ ಇಟ್ಟುಕೊಂಡರೆ ಅದೂ ಅಷ್ಟೇ ದೊಡ್ಡ ಸೇವೆ.

ಮನೆಮದ್ದಿನ ಬಗ್ಗೆ ಒರಟಾಗಿಯೇ ಹೇಳಬೇಕಾಗಿದೆ. ಓಮದ ನೀರು, ಹೊಕ್ಕುಳಿಗೆ ಇಂಗು, ದೃಷ್ಟಿ ನಿವಾಳಿಸುವುದು, ಇವುಗಳಿಂದ ಹೊತ್ತು ಕಳೆದೀತೇ ಹೊರತು ನೇರ ಹಾನಿಯಿಲ್ಲ. ‘ಬಟ್ಟಿ ಬಿದ್ದಿದೆ’ ಎಂದು ಹೊಟ್ಟೆ ತಿಕ್ಕಿಸುವುದು, ಹೊಟ್ಟೆ ಸ್ವಚ್ಛವಾಗಲಿ ಎಂದು ಹರಳೆಣ್ಣೆ ಕುಡಿಸುವುದು, ಇವೆರಡನ್ನು ಮಾಡಲೇಬೇಡಿ. ಊದಿ ತುಂಬಿನಿಂತ ಅಪೆಂಡಿಕ್ಸ್ ಇರುವ ಹೊಟ್ಟೆಯನ್ನು ತಿಕ್ಕಬಾರದು, ಕರುಳಿಗೆ ಭೇದಿಯ ಒತ್ತಡ ಕೊಡಬಾರದು. ಇದಕ್ಕಿಂತ ಕ್ರೂರವಾದ ಇನ್ನೊಂದು ಹಳೆಯ ನಂಬಿಕೆ ಆಸ್ಪತ್ರೆಗಳಲ್ಲೂ ಇತ್ತು. ನೋವಿನ ಔಷಧ ಕೊಟ್ಟರೆ ರೋಗ ಮುಚ್ಚಿಹೋಗುತ್ತದೆ, ಆದ್ದರಿಂದ ಮಗು ನರಳಲಿ ಎಂಬುದು. ಆಸ್ಪತ್ರೆಯಲ್ಲಿ ಅಳತೆಯಿಂದ ಕೊಟ್ಟ ನೋವುನಿವಾರಕದಿಂದ ರೋಗನಿರ್ಣಯದಲ್ಲಿ ತಪ್ಪು ಹೆಚ್ಚುವುದಿಲ್ಲ ಎಂದು ಹಲವು ಅಧ್ಯಯನಗಳು ತೋರಿಸಿವೆ. ನೋವು ತಗ್ಗಿದ ಮಗು ಹೊಟ್ಟೆ ಸಡಿಲ ಬಿಡುತ್ತದೆ, ಪ್ರೋಬ್ ಒತ್ತಲು ಬಿಡುತ್ತದೆ, ಚಿತ್ರ ಚೆನ್ನಾಗಿ ಬರುತ್ತದೆ.

ಇತ್ತೀಚೆಗೆ ಸೋನೋಗ್ರಫಿಗೆ ಹೊಸ ಜವಾಬ್ದಾರಿ ಬಂದಿದೆ. ಅಪೆಂಡಿಸೈಟಿಸ್ ಎಂದ ಕೂಡಲೇ ಆಪರೇಶನ್ ಎಂಬುದು ಈಗ ಕಡ್ಡಾಯವಲ್ಲ. ಅಮೆರಿಕದ ಹತ್ತು ಮಕ್ಕಳ ಆಸ್ಪತ್ರೆಗಳು ಸೇರಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಏಳರಿಂದ ಹದಿನೇಳು ವರ್ಷದ 1068 ಮಕ್ಕಳಲ್ಲಿ 370 ಕುಟುಂಬಗಳು ಆಪರೇಶನ್ ಬೇಡ, ಆ್ಯಂಟಿಬಯೋಟಿಕ್ ಸಾಕು ಎಂದು ಆರಿಸಿಕೊಂಡವು. ಅವರಲ್ಲಿ ನೂರಕ್ಕೆ 67ರಷ್ಟು ಮಕ್ಕಳಿಗೆ ಒಂದು ವರ್ಷದವರೆಗೆ ಆಪರೇಶನ್ ಬೇಕಾಗಲಿಲ್ಲ. ಆದರೆ ಎಲ್ಲರನ್ನೂ ಸೇರಿಸಿಕೊಂಡಿರಲಿಲ್ಲ. ಅಪೆಂಡಿಕ್ಸಿನ ಅಳತೆ 1.1 ಸೆಂಟಿಮೀಟರ್ ಮೀರಿರಬಾರದು, ಒಳಗೆ ಮಲದ ಕಲ್ಲು ಇರಬಾರದು, ಕೀವುಗಡ್ಡೆ ಇರಬಾರದು, ನೋವು ಶುರುವಾಗಿ ಎರಡು ದಿನ ದಾಟಿರಬಾರದು. ಮೊದಲ ಮೂರನ್ನು ಹೇಳುವುದು ಸ್ಕ್ಯಾನೇ. ಕಲ್ಲಿದೆಯೋ ಇಲ್ಲವೋ ಎಂದು ನೆರಳು ನೋಡಿ ಸ್ಪಷ್ಟವಾಗಿ ಬರೆಯದ ರಿಪೋರ್ಟನ್ನು ನಂಬಿ ಔಷಧದ ದಾರಿ ಹಿಡಿಯುವಂತಿಲ್ಲ.

ಇನ್ನೂ ಒಂದು ಷರತ್ತು ಆ ಅಧ್ಯಯನದ ಊರುಗಳಲ್ಲಿ ಬರೆಯುವ ಅಗತ್ಯವೇ ಇರಲಿಲ್ಲ. ಮಗು ಮನೆಗೆ ಹೋದ ಮೇಲೆ ನೋವು ತಿರುಗಿ ಬಂದರೆ ಅದೇ ಆಸ್ಪತ್ರೆ ಹತ್ತಿರದಲ್ಲಿರಬೇಕು. ಭಿವಂಡಿಯಲ್ಲಿ ತಂದೆ ರಾತ್ರಿಪಾಳಿಯಲ್ಲಿದ್ದಾಗ, ಚಿಕ್ಕದೊಂದು ಕೂಸನ್ನು ಕಂಕುಳಲ್ಲಿಟ್ಟುಕೊಂಡ ತಾಯಿ ನೋಯುವ ದೊಡ್ಡ ಮಗುವನ್ನು ಒಬ್ಬಳೇ ಕಳ್ವಾಕ್ಕೆ ಕರೆದೊಯ್ಯಬಲ್ಲಳೇ? ಔಷಧದ ಚೀಟಿ ಬರೆಯುವ ಮೊದಲು ವೈದ್ಯರು ಇದನ್ನು ಕೇಳಬೇಕು. ಮನೆ ಎಲ್ಲಿ, ಜೊತೆಗೆ ಯಾರು ಬರುತ್ತಾರೆ, 108ಕ್ಕೆ ಯಾವ ಗುರುತು ಹೇಳುತ್ತೀರಿ, ಎಷ್ಟು ಗಂಟೆಗೆ ಮತ್ತೆ ತೋರಿಸುತ್ತೀರಿ. ಉತ್ತರಗಳು ರಿಪೋರ್ಟಿನ ಹಿಂದುಗಡೆಯೇ, ತಾಯಿಗೆ ಓದಲು ಬರುವ ಭಾಷೆಯಲ್ಲಿ ಬರೆದಿರಲಿ. ಉತ್ತರ ಸಿಗದಿದ್ದರೆ ಮಗು ಆ ರಾತ್ರಿ ವಾರ್ಡಿನಲ್ಲೇ ಇರಲಿ.